‘ಚಿತ್ರಕೃಪೆ: ಅಂತರ್ಜಾಲ’ ಎಂದರೆ ಯಾರು?

ಸಂಪಾದಕರಿಗೆ ನಮಸ್ಕಾರ.

ಹಳೆಯ ಸೋಪಿನ ಜಾಹೀರಾತು, ಬೆಂಕಿಪೊಟ್ಟಣದ ಲೇಬಲ್ಲು, ಕೈಯಲ್ಲಿ ಬರೆದ ಅಂಗಡಿ ಬೋರ್ಡು, ಸಿನಿಮಾ ಪೋಸ್ಟರು, ಎಲ್ಲೋ ಕಣ್ಣಿಗೆ ಬಿದ್ದ ಜಾಣ ಹೋರ್ಡಿಂಗು, ಇಂಥವನ್ನು ಹುಡುಕಿ ಹಂಚಿಕೊಳ್ಳುವ ಹುಚ್ಚು ನಮ್ಮವರಲ್ಲಿ ಚೆನ್ನಾಗಿಯೇ ಬೆಳೆದಿದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೆಳಿಗ್ಗೆ ಬಂದದ್ದು ಸಂಜೆಯೊಳಗೆ ಇನ್‌ಸ್ಟಾಗ್ರಾಂನಲ್ಲಿರುತ್ತದೆ, ಭಾನುವಾರ ಪುರವಣಿಯಲ್ಲಿ ಅಚ್ಚಾಗಿರುತ್ತದೆ. ಅದರಡಿ ಪುಟ್ಟ ಅಕ್ಷರಗಳಲ್ಲಿ ‘ಚಿತ್ರಕೃಪೆ: ಅಂತರ್ಜಾಲ’ ಎಂದಿರುತ್ತದೆ. ಅನ್ನ ಉಂಡವರು ‘ಅಕ್ಕಿಕೃಪೆ: ಗೋಣಿಚೀಲ’ ಎಂದಂತಾಯಿತು ಇದು. ಚಿತ್ರ ಯಾರದು, ಯಾವ ಕಾಲದ್ದು, ಯಾವ ಊರಿನದು, ನಿಜವಾಗಿ ಪ್ರಕಟವಾಗಿತ್ತೇ ಎಂಬ ಯಾವುದಕ್ಕೂ ಆ ಸಾಲಿನಲ್ಲಿ ಉತ್ತರವಿಲ್ಲ. ಈ ಸಾಲನ್ನು ಪತ್ರಿಕೆಗಳೂ ಓದುಗರೂ ಬಿಡಬೇಕು, ಅದರ ಜಾಗದಲ್ಲಿ ಬರೆಯಬೇಕಾದದ್ದನ್ನು ಪತ್ತೆ ಮಾಡುವ ದಾರಿಗಳಿವೆ ಎಂದು ಹೇಳುವುದಕ್ಕೆ ಈ ಪತ್ರ.

ಹೆಸರು ಸಿಗುವುದಿಲ್ಲ ಎಂಬ ನೆಪ ಬಹಳ ಸಲ ನಿಲ್ಲುವುದಿಲ್ಲ. ಏರ್ ಇಂಡಿಯಾದ ಮಹಾರಾಜ 1946ರಲ್ಲಿ ಬಾಬಿ ಕೂಕಾ ಅವರ ತಲೆಯಲ್ಲಿ ಹುಟ್ಟಿ ಉಮೇಶ್ ರಾವ್ ಅವರ ಕೈಯಲ್ಲಿ ರೂಪ ಪಡೆದವನು. ಬಣ್ಣದ ಡಬ್ಬಿ, ಬ್ರಷ್ಷು ಹಿಡಿದು ನಿಂತ ಏಷ್ಯನ್ ಪೇಂಟ್ಸ್‌ನ ಗಟ್ಟುವನ್ನು 1954ರಲ್ಲಿ ಬರೆದವರು ಮೈಸೂರಿನ ಆರ್.ಕೆ. ಲಕ್ಷ್ಮಣ್. ಚುಕ್ಕೆ ಫ್ರಾಕಿನ ಅಮುಲ್ ಹುಡುಗಿಯ ಹಿಂದೆ ಸಿಲ್ವೆಸ್ಟರ್ ಡಾಕುನ್ಹಾ ಮತ್ತು ಕಲಾ ನಿರ್ದೇಶಕ ಯುಸ್ಟೇಸ್ ಫರ್ನಾಂಡಿಸ್ ಇದ್ದಾರೆ. ಇಷ್ಟನ್ನು ಬರೆಯಲು ಒಂದು ಸಾಲು ಸಾಕು.

ಬರೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಪಾರ್ಲೆ-ಜಿ ಪೊಟ್ಟಣದ ಮಗುವೇ ಸಾಕ್ಷಿ. ಆ ಮಗು ಸುಧಾ ಮೂರ್ತಿಯವರು ಎಂದು ವರ್ಷಗಟ್ಟಲೆ ಫಾರ್ವರ್ಡ್ ಹರಿದಾಡಿತು. ಬೇರೆ ಮಹಿಳೆಯರ ಹೆಸರುಗಳೂ ಅದಕ್ಕೆ ಅಂಟಿಕೊಂಡವು. ಅದು ಯಾರ ಫೋಟೊವೂ ಅಲ್ಲ, ಎವರೆಸ್ಟ್ ಜಾಹೀರಾತು ಸಂಸ್ಥೆಯ ಕಲಾವಿದ ಮಗನ್‌ಲಾಲ್ ದೈಯಾ 1960ರ ದಶಕದಲ್ಲಿ ಬರೆದ ಚಿತ್ರ ಎಂದು ಕೊನೆಗೆ ಕಂಪನಿಯವರೇ ಹೇಳಬೇಕಾಯಿತು. ಕಲಾವಿದನ ಹೆಸರಿರಬೇಕಾದ ಜಾಗ ಖಾಲಿ ಬಿದ್ದಿತ್ತು, ಗಾಳಿಸುದ್ದಿ ಬಂದು ಕೂತಿತು.

ನಮ್ಮ ಕಡೆಯವರದೇ ಇನ್ನೊಂದು ಉದಾಹರಣೆ ಇದೆ. ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿ ಮುಂಬಯಿಗೆ ಹೋಗಿ ಸಿನಿಮಾ ಪೋಸ್ಟರು, ಪತ್ರಿಕೆಯ ಮುಖಪುಟ, ದೇವರ ಕ್ಯಾಲೆಂಡರುಗಳನ್ನು ಬರೆದ ಎಸ್.ಎಂ. ಪಂಡಿತ್ ತಮ್ಮ ಚಿತ್ರಗಳಿಗೆ ಸಹಿ ಹಾಕುತ್ತಿದ್ದರು. ಫೋನಿನಲ್ಲಿ ಓಡಾಡುವ ಪ್ರತಿಗಳಲ್ಲಿ ಚೌಕಕ್ಕೆ ಹೊಂದಲಿ ಎಂದು ಯಾರೋ ಕತ್ತರಿ ಆಡಿಸಿರುತ್ತಾರೆ, ಸಹಿ ಇದ್ದ ಮೂಲೆಯೇ ಹೋಗಿರುತ್ತದೆ. ಅಂಚು ಕತ್ತರಿಸುವುದು ಈ ಹವ್ಯಾಸದ ಅತಿ ದೊಡ್ಡ ರೋಗ. ಮುದ್ರಿತ ವಸ್ತುವಿನಲ್ಲಿ ಮಾಹಿತಿ ಇರುವುದೇ ಅಂಚಿನಲ್ಲಿ. ಸಿನಿಮಾ ಪೋಸ್ಟರಿನ ಕೆಳ ಅಂಚಿನಲ್ಲಿ ಮುದ್ರಣಾಲಯದ ಹೆಸರು ಮತ್ತು ಊರು, ಕ್ಯಾಲೆಂಡರಿನ ತಳದ ಪಟ್ಟಿಯಲ್ಲಿ ಅಚ್ಚು ಹಾಕಿದವರ ಗುರುತು, ಅಂಗಡಿ ಬೋರ್ಡಿನ ಕೆಳಮೂಲೆಯಲ್ಲಿ ‘ಆರ್ಟ್ಸ್’ ಎಂದು ಕೊನೆಯಾಗುವ ಪೇಂಟರ್ ಹೆಸರು, ಪತ್ರಿಕೆ ಜಾಹೀರಾತಿನ ಮೂಲೆಯಲ್ಲಿ ಏಜೆನ್ಸಿಯ ಸಂಕೇತಾಕ್ಷರ ಮತ್ತು ಕ್ರಮಸಂಖ್ಯೆ, ಬೆಂಕಿಪೊಟ್ಟಣದ ಪಕ್ಕೆಯಲ್ಲಿ ತಯಾರಕರ ಊರು. ಬಿಳಿ ಅಂಚು ಚೆನ್ನಾಗಿ ಕಾಣುವುದಿಲ್ಲ ಎನಿಸಿದರೆ ಕತ್ತರಿಸಿದ ಪ್ರತಿಯೊಂದು, ಇಡೀ ಪ್ರತಿಯೊಂದು, ಎರಡನ್ನೂ ಒಟ್ಟಿಗೆ ಹಾಕಲಿ.

ಎರಡನೆಯ ರೋಗ ಹಿಂಡುವುದು, ಅಂದರೆ ಚಿತ್ರದ ಕಡತವನ್ನು ಕುಗ್ಗಿಸುವುದು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಸಾಮಾನ್ಯವಾಗಿ ಕಳಿಸಿದರೆ ಉದ್ದದ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತದೆ. 30 ಅಂಗುಲ ಅಗಲ, 40 ಅಂಗುಲ ಉದ್ದದ ಸಿನಿಮಾ ಪೋಸ್ಟರನ್ನು 12 ಮೆಗಾಪಿಕ್ಸೆಲ್ ಫೋನಿನಲ್ಲಿ ತೆಗೆದರೆ 4000 ಪಿಕ್ಸೆಲ್ ಉದ್ದದ ಚಿತ್ರ ಸಿಗುತ್ತದೆ, ಅಂದರೆ ಅಂಗುಲಕ್ಕೆ 100. ಮುದ್ರಣಾಲಯದ ಹೆಸರಿನ ಅಕ್ಷರ 2 ಮಿಲಿಮೀಟರ್ ಎತ್ತರವಿದ್ದರೆ ಅದಕ್ಕೆ ಸುಮಾರು 8 ಪಿಕ್ಸೆಲ್ ದಕ್ಕಿತು. ಕಷ್ಟಪಟ್ಟರೆ ಓದಬಹುದು. ಅದೇ ಚಿತ್ರ ವಾಟ್ಸ್‌ಆ್ಯಪ್ ದಾಟಿದ ಮೇಲೆ ಅಂಗುಲಕ್ಕೆ 40, ಅಕ್ಷರಕ್ಕೆ 3 ಪಿಕ್ಸೆಲ್. ಮೂರು ಪಿಕ್ಸೆಲ್ಲಿನಲ್ಲಿ ಕನ್ನಡದ ಒಂದು ಅಕ್ಷರವೂ ನಿಲ್ಲುವುದಿಲ್ಲ. ಆದ್ದರಿಂದ ಪೋಸ್ಟರಿನ ಪೂರ್ತಿ ಚಿತ್ರದ ಜೊತೆಗೆ ಕೆಳ ಅಂಚಿನ ಹತ್ತಿರದ ಚಿತ್ರವೊಂದನ್ನು ಬೇರೆಯಾಗಿಯೇ ತೆಗೆಯಬೇಕು. ಕಳಿಸುವಾಗ ಗ್ಯಾಲರಿ ಗುರುತು ಒತ್ತದೆ ‘ಡಾಕ್ಯುಮೆಂಟ್’ ಒತ್ತಿ ಕಡತವನ್ನೇ ಕಳಿಸಬೇಕು, ಆಗ ಒಂದು ಪಿಕ್ಸೆಲ್ಲೂ ಬದಲಾಗುವುದಿಲ್ಲ. ಎಚ್‌ಡಿ ಗುಂಡಿ ಒತ್ತಿದರೆ ಸ್ವಲ್ಪ ವಾಸಿ, ಆದರೂ ಅದು ಮೂಲವಲ್ಲ. ಹಾಗೆ ಡಾಕ್ಯುಮೆಂಟ್ ಆಗಿ ಹೋದ ಕಡತದಲ್ಲಿ ಚಿತ್ರ ತೆಗೆದ ಜಾಗದ ಅಕ್ಷಾಂಶ, ರೇಖಾಂಶವೂ ಉಳಿದಿರುತ್ತದೆ. ರಸ್ತೆಯ ಬೋರ್ಡಾದರೆ ಅದು ಒಳ್ಳೆಯದೇ. ಮನೆಯಲ್ಲಿರುವ ಸಂಗ್ರಹದ ಚಿತ್ರವಾದರೆ ಕ್ಯಾಮೆರಾದಲ್ಲಿ ಲೊಕೇಶನ್ ಆಫ್ ಮಾಡಿ ತೆಗೆಯಿರಿ. ಬೆಲೆಬಾಳುವ ಹಳೆಯ ವಸ್ತು ಯಾವ ಮನೆಯಲ್ಲಿದೆ ಎಂಬುದು ಊರಿಗೆಲ್ಲ ತಿಳಿಯಬೇಕಿಲ್ಲ.

ಹಿಂಡಿದ ಚಿತ್ರದಲ್ಲಿ ಮೊದಲು ಸಾಯುವುದು ಬಣ್ಣದ ಅಕ್ಷರ. ಜೆಪಿಇಜಿ ಕಡತ ಬೆಳಕು-ನೆರಳನ್ನು ಪಿಕ್ಸೆಲ್ಲಿಗೊಂದರಂತೆ ಉಳಿಸಿಕೊಂಡರೂ ಬಣ್ಣವನ್ನು ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್ಲಿಗೊಂದರಂತೆ ಮಾತ್ರ ಉಳಿಸುತ್ತದೆ. ಮನುಷ್ಯರ ಮುಖಕ್ಕೆ, ಮರಗಿಡಕ್ಕೆ ಇದರಿಂದ ತೊಂದರೆ ಕಾಣುವುದಿಲ್ಲ. ನಮ್ಮ ಬೋರ್ಡುಗಳಾದರೋ ಹಳದಿಯ ಮೇಲೆ ಕೆಂಪು, ನೀಲಿಯ ಮೇಲೆ ಕೆಂಪು, ಹಸಿರಿನ ಮೇಲೆ ಹಳದಿ. ಬಣ್ಣ ಅಂಚು ದಾಟಿ ಸೋರುತ್ತದೆ. ಅದರ ಮೇಲೆ ಚಿತ್ರ ಪ್ರತಿ ಕೈ ಬದಲಾದಾಗಲೂ 8×8ರ ಚೌಕಗಳಲ್ಲಿ ಮತ್ತೆ ಹಿಂಡಲ್ಪಡುತ್ತದೆ. ‘ದ’ಕ್ಕೂ ‘ಧ’ಕ್ಕೂ, ‘ಬ’ಕ್ಕೂ ‘ಭ’ಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸೀಳು. ‘ಪ’ಕ್ಕೂ ‘ಷ’ಕ್ಕೂ ಇರುವುದು ಹೊಟ್ಟೆಯೊಳಗಿನ ಒಂದು ಗೆರೆ. ಐದಾರು ಕೈ ದಾಟುವ ಹೊತ್ತಿಗೆ ಸೀಳೂ ಇಲ್ಲ, ಗೆರೆಯೂ ಇಲ್ಲ, ಒತ್ತಕ್ಷರಗಳು ಮಸಿಯ ಮುದ್ದೆ. ಆಮೇಲೆ ‘ಎನ್‌ಹಾನ್ಸ್’ ಮಾಡುವ ಆ್ಯಪ್‌ಗೆ ಹಾಕುವವರಿದ್ದಾರೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಆ ಆ್ಯಪ್ ಕಳೆದುಹೋದ ಅಕ್ಷರವನ್ನು ಹುಡುಕಿ ತರುವುದಿಲ್ಲ, ಅದರಂತೆ ಕಾಣುವ ಇನ್ನೇನನ್ನೋ ಬರೆದಿಡುತ್ತದೆ. ಅಂಚು ಚೂಪಾಗಿರುತ್ತದೆ, ಅಕ್ಷರ ಯಾವ ಭಾಷೆಯದೂ ಆಗಿರುವುದಿಲ್ಲ. ಮಸುಕಾದ ಚಿತ್ರ ಮಸುಕಾಗಿಯೇ ಇದ್ದರೆ ಕನಿಷ್ಠ ಸುಳ್ಳು ಹೇಳುವುದಿಲ್ಲ.

ಬೋರ್ಡಿನ ಚಿತ್ರ ತೆಗೆಯುವವರಿಗೆ ಈಗ ಅವಸರವೂ ಇದೆ. ಫಲಕದ ಶೇ 60ರಷ್ಟು ಕನ್ನಡವಿರಬೇಕು ಎಂಬ ತಿದ್ದುಪಡಿ 2024ರಲ್ಲಿ ಬಂದ ಮೇಲೆ ಅಂಗಡಿಗಳ ಮುಖ ಬದಲಾಗುತ್ತಿದೆ. ಆ ಕಾಯ್ದೆ ಬೇಕಾದದ್ದೇ. ಆದರೆ ತಗಡಿನ ಮೇಲೆ ಎನಾಮಲ್ ಬಣ್ಣದಲ್ಲಿ ಬರೆದ ಹಳೆಯ ಬೋರ್ಡನ್ನು ತಿದ್ದಿ ಬರೆಸುವ ಬದಲು ಕೆಳಗಿಳಿಸಿ ಗುಜರಿಗೆ ಹಾಕಿ ಫ್ಲೆಕ್ಸೋ ಎಲ್‌ಇಡಿ ಅಕ್ಷರವೋ ಏರಿಸುವವರೇ ಹೆಚ್ಚು. ಇಳಿಸುವ ಮೊದಲು ಮೂರು ಚಿತ್ರ ತೆಗೆದಿಟ್ಟರೆ ಸಾಕು: ಅಕ್ಕಪಕ್ಕದ ಅಂಗಡಿ ಕಾಣುವಂತೆ ರಸ್ತೆಯಾಚೆಯಿಂದ ಒಂದು, ಬೋರ್ಡು ಮಾತ್ರ ಒಂದು, ಪೇಂಟರ್ ಹೆಸರೂ ಕುಂಚದ ಗುರುತೂ ಕಾಣುವಂತೆ ಹತ್ತಿರದಿಂದ ಒಂದು. ಬೋರ್ಡಿನ ಕೆಳಗೇ ನಿಂತು ಫೋನನ್ನು ಮೇಲಕ್ಕೆತ್ತಿದರೆ ಮೇಲ್ಭಾಗ ಕಿರಿದಾಗಿ ಅಕ್ಷರಗಳ ಅಳತೆ ಕೆಡುತ್ತದೆ. ಹಿಂದೆ ಸರಿದು 2 ಪಟ್ಟು ಜೂಮ್ ಹಾಕಿ ತೆಗೆಯಿರಿ. ಉಳಿದ ಓರೆಯನ್ನು ಸ್ನ್ಯಾಪ್‌ಸೀಡ್‌ನಂಥ ಆ್ಯಪ್‌ನಲ್ಲಿ ಪರ್ಸ್‌ಪೆಕ್ಟಿವ್ ಬಳಸಿ ನೆಟ್ಟಗೆ ಮಾಡಬಹುದು, ಅತಿಯಾದರೆ ಅಕ್ಷರ ಜಗ್ಗಿದಂತೆ ಕಾಣುತ್ತದೆ. ಎನಾಮಲ್ ಹೊಳಪಿನ ಬಣ್ಣ, ನೇರ ಬಿಸಿಲು ಬಿದ್ದರೆ ಬಿಳಿಯ ಪಟ್ಟೆ ಹೊಡೆಯುತ್ತದೆ. ಮೋಡದ ದಿನ, ಇಲ್ಲವೇ ಬೋರ್ಡಿನ ಮೇಲೆ ನೆರಳು ಬಂದ ಹೊತ್ತು ಒಳ್ಳೆಯದು. ಫ್ಲ್ಯಾಶ್ ಬೇಡವೇ ಬೇಡ. ಅಂಗಡಿಯವರನ್ನು ಕೇಳಿಯೇ ತೆಗೆಯಿರಿ, ಕೇಳಿದರೆ ಬರೆದವರ ಹೆಸರೂ ಬರೆಸಿದ ವರ್ಷವೂ ಅಲ್ಲೇ ಸಿಗುವುದುಂಟು. ಗಿರಾಕಿಗಳ ಮುಖ ಮಾತ್ರ ಬೀಳದಿರಲಿ.

ಚಿಕ್ಕ ವಸ್ತುಗಳಿಗೆ ಫೋನಿಗಿಂತ ಸ್ಕ್ಯಾನರ್ ವಾಸಿ. ಬೆಂಕಿಪೊಟ್ಟಣದ ಮುಖ ಸುಮಾರು 5 ಸೆಂಟಿಮೀಟರ್‌ಗೆ 3.5. ಸೈಬರ್ ಅಂಗಡಿಯವರು ಎಲ್ಲಕ್ಕೂ ಇಡುವ 300 ಡಿಪಿಐನಲ್ಲಿ (ಅಂಗುಲಕ್ಕೆ 300 ಚುಕ್ಕೆ) ಅದು 590 ಪಿಕ್ಸೆಲ್ ಅಗಲ ಬರುತ್ತದೆ, ಅಂಚೆಚೀಟಿಯಷ್ಟು. 1200 ಎಂದು ಹೇಳಿ ಮಾಡಿಸಿದರೆ 2362 ಪಿಕ್ಸೆಲ್. ಪೋಸ್ಟ್‌ಕಾರ್ಡ್, ಪತ್ರಿಕೆಯಿಂದ ಕತ್ತರಿಸಿದ ಜಾಹೀರಾತಿಗೆ 600 ಸಾಕು. ಮೂಲ ಪ್ರತಿಯನ್ನು ಗುಣ ಕಳೆಯದ ಟಿಫ್ ಅಥವಾ ಪಿಎನ್‌ಜಿ ಆಗಿ ಇಟ್ಟುಕೊಂಡು, ಹಂಚಲು ಮಾತ್ರ ಜೆಪಿಇಜಿ ಮಾಡಿ. ಅಚ್ಚಾದ ಬಣ್ಣದ ಚಿತ್ರವೆಂದರೆ ಸಾಲುಸಾಲು ಚುಕ್ಕೆ. ಕಡಿಮೆ ಡಿಪಿಐನಲ್ಲಿ ಆ ಚುಕ್ಕೆಯ ಸಾಲೂ ಸ್ಕ್ಯಾನರಿನ ಸಾಲೂ ಒಂದಕ್ಕೊಂದು ಹೊಂದದೆ ಸೀರೆಯ ಮೇಲಿನ ಅಲೆಯಂಥ ಪಟ್ಟೆಗಳು ಮೂಡುತ್ತವೆ. ಮದ್ದು ಇಷ್ಟೇ: ಮೊದಲು ಹೆಚ್ಚು ಡಿಪಿಐನಲ್ಲಿ ತೆಗೆದು ಆಮೇಲೆ ಚಿಕ್ಕದು ಮಾಡುವುದು. ‘ಡಿಸ್ಕ್ರೀನ್’ ಗುಂಡಿಯನ್ನು ಮೂಲ ಪ್ರತಿಗೆ ಒತ್ತಬೇಡಿ, ಅದು ಚುಕ್ಕೆಯ ಜೊತೆ ಸಣ್ಣ ಅಕ್ಷರವನ್ನೂ ಅಳಿಸುತ್ತದೆ. ಚುಕ್ಕೆಗಳಿಂದಲೇ ಅದು ಯಾವ ಬಗೆಯ ಮುದ್ರಣ ಎಂದು ಬಲ್ಲವರು ಹೇಳುತ್ತಾರೆ.

ಹಳೆಯ ಪತ್ರಿಕೆಯ ಹಾಳೆ ತೆಳು. ಸ್ಕ್ಯಾನರಿನ ಮುಚ್ಚಳ ಬಿಳಿ, ಅದರಿಂದ ಬೆಳಕು ಮರಳಿ ಬಂದು ಹಿಂದಿನ ಪುಟದ ಅಕ್ಷರಗಳು ಮುಂದಿನ ಜಾಹೀರಾತಿನ ಮೇಲೆ ಭೂತದಂತೆ ಕಾಣುತ್ತವೆ. ಹಾಳೆಯ ಬೆನ್ನಿಗೆ ಒಂದು ಕಪ್ಪು ಡ್ರಾಯಿಂಗ್ ಶೀಟ್ ಇಟ್ಟು ನೋಡಿ, ಮುಕ್ಕಾಲುಪಾಲು ಮಾಯವಾಗುತ್ತದೆ. ಚಿಲ್ಲರೆ ಖರ್ಚು, ಯಾವ ಸಾಫ್ಟ್‌ವೇರೂ ಇಷ್ಟು ಚೆನ್ನಾಗಿ ಮಾಡುವುದಿಲ್ಲ. ಜಾಹೀರಾತನ್ನು ಮಾತ್ರ ಕತ್ತರಿಸಿ ಇಡುವವರು ಪುಟದ ತಲೆಯಲ್ಲಿರುವ ದಿನಾಂಕದ ಪಟ್ಟಿಯನ್ನೂ ಕತ್ತರಿಸಿ ಜೊತೆಗಿಡಬೇಕು. ಇನ್ನು ತೆಳು ಮರದ ಪದರದ ಹಳೆಯ ಬೆಂಕಿಪೊಟ್ಟಣಕ್ಕೆ ಅಂಟಿಸಿದ ಲೇಬಲ್ಲನ್ನು ನೀರಿನಲ್ಲಿ ನೆನೆಸಿ ಬಿಡಿಸುವ ಆಸೆ ಬೇಡ. ಪೊಟ್ಟಣ ಸಮೇತ ಗಾಜಿನ ಮೇಲೆ ಇಟ್ಟರೂ ಸ್ಕ್ಯಾನ್ ಚೆನ್ನಾಗಿಯೇ ಬರುತ್ತದೆ. ಬಿಡಿಸಲೇಬೇಕಾದರೆ ಒದ್ದೆ ಹತ್ತಿಯನ್ನು ಮೂಲೆಗೆ ಒತ್ತಿ, ಬಣ್ಣ ಹತ್ತಿಗೆ ಹತ್ತಿತೇ ನೋಡಿ. ಹತ್ತಿದರೆ ಅಲ್ಲಿಗೇ ಕೈಬಿಡಿ.

ಈಗ ಕಾಲ ಗೊತ್ತುಮಾಡುವ ವಿಚಾರ. ‘ತುಂಬಾ ಹಳೆಯದು’, ‘ನಮ್ಮ ತಾತನ ಕಾಲದ್ದು’ ಎಂದು ಬರೆದು ಬಿಡುವವರ ಕೈಯಲ್ಲೇ ಇಸವಿ ಇರುತ್ತದೆ, ನೋಡಿರುವುದಿಲ್ಲ. ಬೆಲೆಯಿಂದ ಶುರು ಮಾಡಬೇಕು. ಆಣೆಯ ಲೆಕ್ಕ ಇದ್ದರೆ ಅದು 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬರುವ ಮುಂಚಿನದೋ, ಬಂದ ಹೊಸತರದೋ ಆಗಿರುತ್ತದೆ. ‘ನಯೇ ಪೈಸೆ’ ಎಂದಿದ್ದರೆ ಇನ್ನೂ ಸುಲಭ, ಆ ‘ನಯಾ’ 1957ರಿಂದ 1964ರವರೆಗೆ ಮಾತ್ರ ಇತ್ತು. ₹ ಚಿಹ್ನೆ ಇದ್ದರೆ 2010ರ ಜುಲೈ ನಂತರದ್ದು. ಈ ಚಿಹ್ನೆ ಇಟ್ಟುಕೊಂಡೇ 1980ರ ದಶಕದ ಜಾಹೀರಾತು ಎಂದು ಓಡಾಡುವ ಚಿತ್ರಗಳನ್ನು ನೋಡಿದಾಗ ನಗು ಬರುತ್ತದೆ. ಬೆಂಕಿಪೊಟ್ಟಣಕ್ಕಂತೂ ಬೆಲೆಯೇ ಪಂಚಾಂಗ: 50 ಪೈಸೆ ಇದ್ದದ್ದು 2007ರಲ್ಲಿ 1 ರೂಪಾಯಿ ಆಯಿತು, ಹದಿನಾಲ್ಕು ವರ್ಷ ಅಲ್ಲೇ ನಿಂತು 2021ರ ಡಿಸೆಂಬರ್ 1ರಿಂದ 2 ರೂಪಾಯಿ ಆಯಿತು. ‘ಎಲ್ಲ ತೆರಿಗೆಗಳೂ ಸೇರಿ’ ಎಂಬ ಗರಿಷ್ಠ ಬೆಲೆಯ ಒಕ್ಕಣೆ 1990ರ ಹೊತ್ತಿನ ನಿಯಮದಿಂದ ಬಂದದ್ದು. ಅದಕ್ಕೆ ಹಿಂದಿನ ಪೊಟ್ಟಣಗಳಲ್ಲಿ ‘ಸ್ಥಳೀಯ ತೆರಿಗೆ ಪ್ರತ್ಯೇಕ’ ಎಂಬ ಮಾತು ಕಾಣುತ್ತದೆ.

ಆಮೇಲೆ ತೂಕ. ಸೇರು, ಪೌಂಡು, ಔನ್ಸು ಇದ್ದರೆ 1958ರಲ್ಲಿ ಮೆಟ್ರಿಕ್ ತೂಕ ಹಂತಹಂತವಾಗಿ ಜಾರಿಯಾಗತೊಡಗಿದ್ದನ್ನು ನೆನೆಯಬೇಕು. ತಿನ್ನುವ ಪದಾರ್ಥದ ಪೊಟ್ಟಣದಲ್ಲಿ ಸಸ್ಯಾಹಾರದ ಹಸಿರು ಚುಕ್ಕೆ ಇದ್ದರೆ 2001ರಿಂದ ಈಚಿನದು. 14 ಅಂಕಿಯ ಆಹಾರ ಪರವಾನಗಿ ಸಂಖ್ಯೆ ಇದ್ದರೆ 2011ರಿಂದ ಈಚಿನದು. ಬಾರ್‌ಕೋಡ್ 890ರಿಂದ ಶುರುವಾದರೆ ವಸ್ತು ಭಾರತದಲ್ಲೇ ತಯಾರಾದದ್ದು ಎಂಬ ಫಾರ್ವರ್ಡ್ ತಪ್ಪು. ಆ ಅಂಕಿ ಹೇಳುವುದು ಕಂಪನಿ ತನ್ನ ಸಂಖ್ಯೆಯನ್ನು ಭಾರತದಲ್ಲಿ ನೋಂದಾಯಿಸಿದೆ ಎಂದಷ್ಟೇ.

ವಿಳಾಸದಲ್ಲಿ ಇನ್ನೂ ಹೆಚ್ಚು ಸುಳಿವುಗಳಿವೆ, ಮೋಸವೂ ಅಲ್ಲಿಯೇ ಇದೆ. ಆರಂಕಿಯ ಪಿನ್‌ಕೋಡ್ 1972ರ ಆಗಸ್ಟ್ 15ರಂದು ಬಂತು, ಆದ್ದರಿಂದ ಅದಿದ್ದರೆ ಆಮೇಲಿನದು. ಆದರೆ ‘ಬೆಂಗಳೂರು-4’ ಎಂದಷ್ಟೇ ಇದ್ದರೆ 1972ಕ್ಕೆ ಹಿಂದಿನದು ಎನ್ನುವಂತಿಲ್ಲ. ಹಳೆಯ ಅಂಚೆ ವಲಯದ ಸಂಖ್ಯೆಯೇ ಪಿನ್‌ಕೋಡಿನ ಬಾಲವಾಯಿತು, ಬಸವನಗುಡಿಗೆ 560004 ಬಂದರೂ ಜನ ‘ಬೆಂಗಳೂರು-4’ ಎಂದು ಬರೆಯುವುದನ್ನು ಬಿಡಲಿಲ್ಲ. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್ 1ಕ್ಕೆ ಮುಂಚಿನದು ಎಂದು ಬಹುಮಟ್ಟಿಗೆ ನಂಬಬಹುದು. ಇಂಗ್ಲಿಷಿನಲ್ಲಿ ಬೆಂಗಳೂರು ಎಂದೇ ಇದ್ದರೆ ಹೆಸರು ಅಧಿಕೃತವಾಗಿ ಬದಲಾದ 2014ರ ನವೆಂಬರ್ ನಂತರದ್ದಿರಬಹುದು, ಅದಕ್ಕೂ ಮುಂಚೆ ಹಾಗೆ ಬರೆಯುತ್ತಿದ್ದವರೂ ಇದ್ದರು. ಫೋನ್ ಸಂಖ್ಯೆಯ ಮುಂದೆ 0812 ಇದ್ದರೆ ಬೆಂಗಳೂರಿಗೆ 080 ಬರುವ ಮುಂಚಿನದು. ಮೊಬೈಲ್ ಸೇವೆ ದೇಶಕ್ಕೆ ಬಂದದ್ದೇ 1995ರಲ್ಲಿ. ಹಳೆಯ ಬೋರ್ಡಿನಲ್ಲಿ ಹತ್ತಂಕಿಯ ಮೊಬೈಲ್ ಸಂಖ್ಯೆ ಕಂಡರೆ ಬಣ್ಣದ ಹೊಳಪನ್ನೂ ಕೈಬರಹವನ್ನೂ ಹೋಲಿಸಿ ನೋಡಿ, ಅದು ಆಮೇಲೆ ಸೇರಿಸಿದ್ದಿರುತ್ತದೆ.

ಲೆಕ್ಕ ಹಾಕುವ ಕ್ರಮವೊಂದಿದೆ. ಆಮೇಲೆ ಸೇರಿಸಿದ್ದನ್ನು ಬಿಟ್ಟರೆ, ವಸ್ತುವಿನ ಮೇಲಿರುವ ಅತ್ಯಂತ ಹೊಸ ಗುರುತು ‘ಇದಕ್ಕಿಂತ ಹಿಂದಿನದಲ್ಲ’ ಎಂದು ಖಚಿತವಾಗಿ ಹೇಳುತ್ತದೆ. ಅತ್ಯಂತ ಹಳೆಯ ಗುರುತು ಏನನ್ನೂ ಖಚಿತವಾಗಿ ಹೇಳುವುದಿಲ್ಲ. ಅಚ್ಚುಕೂಟದವರು ಮಾಡಿಸಿಟ್ಟ ಬ್ಲಾಕನ್ನು ಸವೆಯುವ ತನಕ ಬಳಸುತ್ತಿದ್ದರು, ಮಿಕ್ಕ ಲೇಬಲ್‌ಗಳ ಮೇಲೆ ಹೊಸ ಬೆಲೆಯ ಚೀಟಿ ಅಂಟಿಸಿಯೋ ರಬ್ಬರ್ ಮೊಹರು ಒತ್ತಿಯೋ ಖರ್ಚು ಮಾಡುತ್ತಿದ್ದರು. ಆದ್ದರಿಂದ ಅಡಿಬರಹದಲ್ಲಿ ‘1965’ ಎಂದು ಧೈರ್ಯವಾಗಿ ಬರೆಯುವ ಬದಲು ‘ನಯೇ ಪೈಸೆ ಇರುವುದರಿಂದ 1957–64ರ ಸುಮಾರು’ ಎಂದು ಕಾರಣ ಸಮೇತ ಬರೆದರೆ, ಮುಂದೆ ಹೆಚ್ಚು ಬಲ್ಲವರು ಬಂದು ತಿದ್ದಲು ದಾರಿ ಇರುತ್ತದೆ.

ಇಷ್ಟೆಲ್ಲ ನಿಜವಾದ ವಸ್ತುಗಳ ಮಾತು. ‘ಎಂಥಾ ಐಡಿಯಾ ನೋಡಿ’ ಎಂದು ಬರುವ ಹೊಸ ಜಾಹೀರಾತುಗಳ ವಿಷಯದಲ್ಲಿ ಮೊದಲು ಕೇಳಬೇಕಾದದ್ದು, ಇದು ಎಲ್ಲಾದರೂ ಪ್ರಕಟವಾಗಿತ್ತೇ ಎಂದು. ಪ್ರಶಸ್ತಿಗೆಂದೋ ಕೈಚಳಕ ತೋರಲೆಂದೋ ಮಾಡಿ ಜಾಲತಾಣಕ್ಕೆ ಏರಿಸುವ ಜಾಹೀರಾತುಗಳಿಗೆ ಆ ವೃತ್ತಿಯವರು ‘ಸ್ಕ್ಯಾಮ್ ಆ್ಯಡ್’ ಎನ್ನುತ್ತಾರೆ. 2013ರಲ್ಲಿ ಫೋರ್ಡ್ ಫಿಗೊ ಕಾರಿನ ಹೆಸರಿನಲ್ಲಿ, ಡಿಕ್ಕಿಯಲ್ಲಿ ಹೆಂಗಸರನ್ನು ಕಟ್ಟಿಹಾಕಿದ ಚಿತ್ರಗಳು ಜಗತ್ತೆಲ್ಲ ಸುತ್ತಿದವು. ಅವು ಎಲ್ಲಿಯೂ ಪ್ರಕಟವಾದ ಜಾಹೀರಾತುಗಳಲ್ಲ. ಕಂಪನಿಯೂ ಅವನ್ನು ಮಾಡಿದ ಜಾಹೀರಾತು ಏಜೆನ್ಸಿಯ ಮಾತೃಸಂಸ್ಥೆಯೂ ಕ್ಷಮೆ ಕೇಳಿದವು. 2025ರ ಜೂನ್‌ನಲ್ಲಿ ಬ್ರೆಜಿಲ್‌ನ ಏಜೆನ್ಸಿಯೊಂದು ಜಾಹೀರಾತುಗಳ ಅಂತರರಾಷ್ಟ್ರೀಯ ಸ್ಪರ್ಧೆಯಾದ ಕಾನ್ ಲಯನ್ಸ್‌ನಲ್ಲಿ ಗೆದ್ದ ಅತ್ಯುನ್ನತ ಪ್ರಶಸ್ತಿ ಗ್ರ್ಯಾಂಡ್ ಪ್ರಿಯನ್ನೇ ಕಳೆದುಕೊಂಡಿತು. ಅದರ ವಿಡಿಯೊದಲ್ಲಿ ಸುದ್ದಿವಾಹಿನಿಯ ದೃಶ್ಯವನ್ನು ಎಐನಿಂದ ತಿರುಚಲಾಗಿತ್ತು. ತೀರ್ಪುಗಾರರೇ ಮೋಸ ಹೋದ ಮೇಲೆ ನಮ್ಮಂಥವರ ಗತಿ ಏನು? ಆದರೂ ಕೆಲವು ಗುರುತುಗಳಿವೆ. ನಿಜವಾದ ಹೋರ್ಡಿಂಗ್‌ನ ಬಟ್ಟೆ ಅಂಚಿನಲ್ಲಿ ಹಗ್ಗದ ಬಿಗಿತಕ್ಕೆ ಸುಕ್ಕಾಗಿರುತ್ತದೆ, ಮೇಲೋ ಕೆಳಗೋ ದೀಪ ಇರುತ್ತದೆ, ಹೋರ್ಡಿಂಗ್ ಮಾಲೀಕರ ಹೆಸರಿನ ಸಣ್ಣ ಪಟ್ಟಿ ಇರುತ್ತದೆ. ಕಂಪ್ಯೂಟರಿನಲ್ಲಿ ಜೋಡಿಸಿದ ಮಾಕಪ್ ಚಿತ್ರದಲ್ಲಿ ಅಂಚು ಅಳತೆಪಟ್ಟಿ ಇಟ್ಟು ಕೊರೆದಂತೆ ನೇರ, ಕಟ್ಟಡದ ನೆರಳು ಒಂದು ದಿಕ್ಕಿಗಾದರೆ ಜಾಹೀರಾತಿನ ನೆರಳು ಇನ್ನೊಂದು ದಿಕ್ಕಿಗೆ. ಪತ್ರಿಕೆಯ ಜಾಹೀರಾತಾದರೆ ದಿನಾಂಕವಿರುವ ಇಡೀ ಪುಟವನ್ನು ಕೇಳಿ. ಎಐ ಬರೆದ ‘ಹಳೆಯ ಬೆಂಗಳೂರು’ ಚಿತ್ರಗಳಲ್ಲಿ ಬೋರ್ಡಿನ ಕನ್ನಡ ಓದಲು ಬಾರದಿರುವುದೇ ಇಲ್ಲಿಯವರೆಗೆ ನಮ್ಮ ಪರೀಕ್ಷೆಯಾಗಿತ್ತು. ಹೊಸ ಉಪಕರಣಗಳು ಅಕ್ಷರವನ್ನೂ ಸರಿಯಾಗಿ ಬರೆಯತೊಡಗಿವೆ. ಇನ್ನು ಮುಂದೆ ಕಣ್ಣನ್ನು ನಂಬುವುದಕ್ಕಿಂತ ‘ಇದರ ಮೂಲ ಪ್ರತಿ ಯಾರ ಬಳಿ ಇದೆ’ ಎಂದು ಕೇಳುವುದು ಮೇಲು.

ಲಾಂಛನಗಳ ‘ಗುಪ್ತ ಅರ್ಥ’ದ ಫಾರ್ವರ್ಡ್‌ಗಳದು ಬೇರೆಯೇ ಕಥೆ. ಅವುಗಳಲ್ಲಿ ಸತ್ಯವೂ ಸುಳ್ಳೂ ಒಂದೇ ಪಟ್ಟಿಯಲ್ಲಿರುತ್ತವೆ. ಕೊರಿಯರ್ ಕಂಪನಿ ಫೆಡೆಕ್ಸ್‌ನ ಹೆಸರಿನಲ್ಲಿ ‘ಇ’ ಮತ್ತು ‘ಎಕ್ಸ್’ ನಡುವಿನ ಬಾಣ ಬೇಕೆಂದೇ ಇಟ್ಟದ್ದು, 1994ರಲ್ಲಿ ವಿನ್ಯಾಸಕಾರ ಲಿಂಡನ್ ಲೀಡರ್ ಅಕ್ಷರಗಳನ್ನು ಅದಕ್ಕೆಂದೇ ತಿದ್ದಿ ಕೂರಿಸಿದರು. ಆ್ಯಪಲ್ ಕಂಪನಿಯ ಕಚ್ಚಿದ ಸೇಬು ಗಣಕ ವಿಜ್ಞಾನಿ ಅಲನ್ ಟ್ಯೂರಿಂಗ್ ನೆನಪಿಗೆ ಎಂಬುದು ಕಟ್ಟುಕಥೆ. 1977ರಲ್ಲಿ ಅದನ್ನು ಬರೆದ ರಾಬ್ ಜಾನಾಫ್, ಚಿಕ್ಕದಾಗಿ ಅಚ್ಚಾದಾಗ ಚೆರ್ರಿ ಹಣ್ಣಿನಂತೆ ಕಾಣದಿರಲಿ ಎಂದು ಕಚ್ಚಿದ ಗುರುತು ಇಟ್ಟೆ ಎಂದಿದ್ದಾರೆ. ಬರೆದವರ ಮಾತು ಸಿಗುವ ಕಡೆ ಅದನ್ನೇ ಹಿಡಿಯಬೇಕು.

ಮೂಲ ಹುಡುಕಲು, ಚಿತ್ರ ಕೊಟ್ಟರೆ ಚಿತ್ರ ಹುಡುಕಿಕೊಡುವ ಗೂಗಲ್ ಲೆನ್ಸ್, ಟಿನ್‌ಐ ಎರಡನ್ನೂ ಬಳಸಿ. ಲೆನ್ಸ್ ಹೋಲುವ ಚಿತ್ರಗಳನ್ನು ತೋರಿಸುತ್ತದೆ, ಟಿನ್‌ಐ ಅದೇ ಚಿತ್ರದ ಪ್ರತಿಗಳನ್ನು ಹುಡುಕಿ ‘ಅತಿ ಹಳೆಯದು’, ‘ಅತಿ ದೊಡ್ಡದು’ ಎಂದು ವಿಂಗಡಿಸಿ ಕೊಡುತ್ತದೆ. ಅತಿ ಹಳೆಯದು ಎಂದರೆ ಟಿನ್‌ಐ ಕಣ್ಣಿಗೆ ಮೊದಲು ಬಿದ್ದದ್ದು, ಮೊದಲು ಪ್ರಕಟವಾದದ್ದಲ್ಲ. ಹುಡುಕುವ ಮುನ್ನ ಫಾರ್ವರ್ಡ್ ಮಾಡಿದವರು ಹಾಕಿದ ಶುಭೋದಯದ ಪಟ್ಟಿ, ನೀರುಗುರುತು ಕತ್ತರಿಸಿ. ಏನೂ ಸಿಗದಿದ್ದರೆ ಚಿತ್ರವನ್ನು ಕನ್ನಡಿಯಂತೆ ತಿರುಗಿಸಿ ಇನ್ನೊಮ್ಮೆ ಹುಡುಕಿ. ಸಾಧ್ಯವಾದಾಗೆಲ್ಲ ಅತಿ ದೊಡ್ಡ ಪ್ರತಿಯನ್ನು ತೆರೆದು ಅಂಚು ಓದಿ.

ಕಾನೂನಿನ ಮಾತು ಚಿಕ್ಕದು. ಕಲಾವಿದರ ಹೆಸರು ಗೊತ್ತಿದ್ದರೆ 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಅವರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಹೆಸರಿಲ್ಲದೆ ಪ್ರಕಟವಾದದ್ದಕ್ಕೆ ಪ್ರಕಟವಾದ ಮರುವರ್ಷದಿಂದ 60. ಅಂದರೆ 1964ರ ಅನಾಮಧೇಯ ಲೇಬಲ್ಲಿನ ಹಕ್ಕು 2024ರ ಕೊನೆಗೆ ಮುಗಿಯಿತು. ಎಸ್.ಎಂ. ಪಂಡಿತ್ 1993ರಲ್ಲಿ ತೀರಿಕೊಂಡರು, ಅವರ ಚಿತ್ರಗಳಿಗೆ 2053ರವರೆಗೆ ಉಂಟು. ಲಕ್ಷ್ಮಣ್ ತೀರಿಕೊಂಡದ್ದು 2015ರಲ್ಲಿ, ಗಟ್ಟು ಹುಟ್ಟಿದ್ದು 1954 ಆದರೂ 2075ರವರೆಗೆ ಹಕ್ಕುಂಟು. ವಿಮರ್ಶೆಗೆ, ವೈಯಕ್ತಿಕ ಅಧ್ಯಯನಕ್ಕೆ ಬಳಸಲು 52ನೇ ಸೆಕ್ಷನ್ನಿನಲ್ಲಿ ಅವಕಾಶವಿದೆ. ಅದೇ ಸೆಕ್ಷನ್ನಿನ ಒಂದು ವಿಚಿತ್ರ ಹೇಳದೆ ಇರಲಾಗದು. ಬಯಲಲ್ಲಿ ಶಾಶ್ವತವಾಗಿರುವ ಶಿಲ್ಪ, ಕಟ್ಟಡದ ಫೋಟೊ ಪ್ರಕಟಿಸಬಹುದು ಎನ್ನುವ ಕಾಯ್ದೆ ಗೋಡೆಯ ಮೇಲಿನ ವರ್ಣಚಿತ್ರವನ್ನು ಅಲ್ಲಿ ಹೆಸರಿಸಿಲ್ಲ. ಸಿನಿಮಾದಲ್ಲಿ ಸೇರಿಸುವುದಾದರೆ ಮಾತ್ರ ಯಾವ ಕಲಾಕೃತಿಯಾದರೂ ಆಗಬಹುದು ಎನ್ನುತ್ತದೆ. ಹಕ್ಕು ಬೇರೆಯವರಿಗೆ ಮಾರಿದ ಮೇಲೂ ತನ್ನ ಕೃತಿಗೆ ತಾನೇ ಕರ್ತೃ ಎನ್ನುವ ಅಧಿಕಾರ 57ನೇ ಸೆಕ್ಷನ್ ಪ್ರಕಾರ ಕಲಾವಿದನಲ್ಲೇ ಉಳಿಯುತ್ತದೆ. ಸಹಿ ಇರುವ ಮೂಲೆಯನ್ನು ಕತ್ತರಿಸುವ ಮುನ್ನ ಇದು ನೆನಪಿರಲಿ.

ಕೊನೆಗೆ ಪತ್ರಿಕೆಯಲ್ಲಿ ವಿನಂತಿ. ಓದುಗರು ಕಳಿಸುವ ಇಂಥ ಚಿತ್ರಗಳಿಗೆ ಕಡತವನ್ನು ಇಮೇಲಿನಲ್ಲಿ ಲಗತ್ತಾಗಿಯೇ ಕೇಳಿ. ಪತ್ರಿಕೆ ಕಾಗದಕ್ಕೆ ಅಂಗುಲಕ್ಕೆ 200 ಪಿಕ್ಸೆಲ್ ಸಾಕು ಎಂದು ಹಿಡಿದರೂ ಪುಟದ ಪೂರ್ತಿ ಅಗಲಕ್ಕೆ 2600 ಪಿಕ್ಸೆಲ್ ಬೇಕು, ವಾಟ್ಸ್‌ಆ್ಯಪ್ ಚಿತ್ರ 20 ಸೆಂಟಿಮೀಟರ್ ದಾಟಿದರೆ ಒಡೆಯುತ್ತದೆ. ಜೊತೆಗೆ ಬರೆದವರು ಅಥವಾ ಏಜೆನ್ಸಿ, ಯಾರಿಗಾಗಿ, ಎಲ್ಲಿ ಮತ್ತು ಯಾವಾಗ, ಮೂಲ ಪ್ರತಿ ಯಾರ ಬಳಿ, ಫೋಟೊ ಅಥವಾ ಸ್ಕ್ಯಾನ್ ಯಾರದು ಎಂದು ಕೇಳಿ ಪಡೆಯಿರಿ. ಚಿತ್ರದೊಳಗಿನ ಕನ್ನಡವನ್ನು ಯೂನಿಕೋಡ್‌ನಲ್ಲಿ ಬೆರಳಚ್ಚು ಮಾಡಿ ಕಳಿಸಲು ಹೇಳಿದರೆ ನಿಮ್ಮ ಜಾಲತಾಣದಲ್ಲಿ ಅದು ಹುಡುಕಾಟಕ್ಕೆ ಸಿಗುತ್ತದೆ, ಕಣ್ಣು ಕಾಣದ ಓದುಗರ ಫೋನೂ ಅದನ್ನು ಓದಿ ಹೇಳುತ್ತದೆ. ಯೂನಿಕೋಡ್ ಅಲ್ಲದ ಹಳೆಯ ‘ನುಡಿ’, ‘ಬರಹ’ ಫಾಂಟಿನ ಪಠ್ಯವಾದರೆ ಎರಡೂ ಆಗುವುದಿಲ್ಲ. ಅಡಿಬರಹ ಹೀಗಿರಬಹುದು: ‘ಬೆಂಕಿಪೊಟ್ಟಣದ ಲೇಬಲ್, ತಯಾರಿಕೆ ಕೋವಿಲ್‌ಪಟ್ಟಿ, ಬೆಲೆ 50 ಪೈಸೆ, ಆದ್ದರಿಂದ ಬಹುಶಃ 2007ಕ್ಕಿಂತ ಹಿಂದಿನದು, ಕಲಾವಿದರು ತಿಳಿದಿಲ್ಲ, ಸಂಗ್ರಹ ಮತ್ತು ಸ್ಕ್ಯಾನ್ ಓದುಗರದು.’ ‘ಚಿತ್ರಕೃಪೆ: ಅಂತರ್ಜಾಲ’ಕ್ಕಿಂತ ಇದು ಎರಡು ಸಾಲು ಉದ್ದ. ‘ಕಲಾವಿದರು ತಿಳಿದಿಲ್ಲ’ ಎಂದು ಅಚ್ಚಾದದ್ದನ್ನು ನೋಡಿ ಆ ಕಲಾವಿದರ ಮನೆಯವರೋ ಅಚ್ಚುಕೂಟದ ಹಳಬರೋ ಬರೆದರೆ, ಮುಂದಿನ ವಾರದ ತಿದ್ದುಪಡಿಗೆ ಇದೇ ಅಂಕಣದಲ್ಲಿ ಜಾಗ ಕೊಡಿ.

ಇತಿ,
ಹಳೆಯ ಜಾಹೀರಾತು ಮತ್ತು ಲೇಬಲ್ ಸಂಗ್ರಾಹಕರು
ಮೈಸೂರು